ಅಂಜಿಕೆಯಿಲ್ಲದವನ ಭವಿಷ್ಯವಾಣಿ

ನಾಳೆಯ ಮಾತಿಗಾಗಿ ಕಿವಿಗೊಟ್ಟು ಕಾಯುವ ನಾಡು ನಮ್ಮದು. ಜಗಳೂರಿನ ಬಯಲಿನಲ್ಲಿ ಮುಂಗಾರು ಕೈಕೊಟ್ಟರೆ ಇಡೀ ವರ್ಷವೇ ಕೈತಪ್ಪಿದಂತೆ. ಚನ್ನಗಿರಿಯ ತೋಟದ ಮನೆಗಳಲ್ಲಿ ಅಡಿಕೆಯ ಧಾರಣೆ ಏರುವುದೋ ಇಳಿಯುವುದೋ ಎಂಬುದನ್ನು ನೋಡಿಕೊಂಡು ಮಗಳ ಮದುವೆಯ ತಿಂಗಳು ನಿಶ್ಚಯವಾಗುತ್ತದೆ. ಹೊನ್ನಾಳಿಯಲ್ಲಿ ಮಳೆಗಾಲದ ತುಂಗಭದ್ರೆ ಈ ಸಲ ಎಷ್ಟು ಮೇಲೇರುವಳೋ ಎಂದು ದಂಡೆಯ ಮನೆಗಳವರು ರಾತ್ರಿಯೆಲ್ಲ ಎದ್ದು ನೋಡುತ್ತಾರೆ. ಇಂಥ ನೆಲದಲ್ಲಿ ‘ನಾಳೆಯನ್ನು ಬಲ್ಲೆ’ ಎನ್ನುವವನಿಗೆ ಕೇಳುಗರ ಕೊರತೆ ಎಂದೂ ಬಂದಿಲ್ಲ. ಕೇಳುವವರನ್ನು ಮೂಢರೆಂದು ಜರೆಯುವುದು ಸುಲಭ. ಆದರೆ ಬಿತ್ತನೆಯ ಬೀಜವನ್ನು ಸಾಲ ಮಾಡಿ ತಂದವನ ಆತಂಕವನ್ನು ಅರಿಯದವರು ಮಾತ್ರ ಹಾಗೆ ಜರೆಯಬಲ್ಲರು.

ಹೊನ್ನಾಳಿಯನ್ನು ದಾಟಿ ಹರಿಹರದ ಮೂಲಕ ಮುಂದೆ ಸಾಗುವ ಅದೇ ನದಿಯ ಸಮೀಪದಲ್ಲಿ, ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿಗೆ ಸೇರಿದ ಮೈಲಾರವಿದೆ. ಪ್ರತಿ ವರ್ಷ ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿ ಮೈಲಾರಲಿಂಗನ ಜಾತ್ರೆ ಕೂಡುತ್ತದೆ. ನಮ್ಮ ಊರುಗಳಿಂದಲೂ ಜನರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಜಾತ್ರೆಯ ಮುಖ್ಯ ಘಟ್ಟವೇ ಕಾರ್ಣಿಕ. ಉಪವಾಸವ್ರತದಲ್ಲಿದ್ದ ಗೊರವಯ್ಯನವರು ಎತ್ತರದ ಬಿಲ್ಲನ್ನೇರುತ್ತಾರೆ, ಆಕಾಶದತ್ತ ನೋಡುತ್ತಾರೆ, ‘ಸದ್ದಲೇ’ ಎಂದು ಗರ್ಜಿಸುತ್ತಾರೆ. ಲಕ್ಷಾಂತರ ಜನರ ಗದ್ದಲ ಆ ಒಂದೇ ಮಾತಿಗೆ ಅಡಗುತ್ತದೆ. ಅನಂತರ ಒಂದೇ ಒಂದು ಸಾಲು. ಅದನ್ನು ನುಡಿದವರೇ ಅಷ್ಟೆತ್ತರದಿಂದ ಹಿಂದಕ್ಕೆ ಬಿದ್ದುಬಿಡುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲು ಮಳೆಯನ್ನು ಕುರಿತದ್ದೋ, ಬೆಳೆಯನ್ನು ಕುರಿತದ್ದೋ, ರಾಜಕೀಯವನ್ನು ಕುರಿತದ್ದೋ ಎಂಬ ಚರ್ಚೆ ಮಾತ್ರ ಮುಂದಿನ ಯುಗಾದಿಯವರೆಗೂ ಚಹದಂಗಡಿಗಳಲ್ಲಿ ನಡೆಯುತ್ತದೆ.

ಇದು ನಮ್ಮ ನೆರೆಹೊರೆಯವರ ಶ್ರದ್ಧೆ. ಅದರ ಬಗ್ಗೆ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಬಿಲ್ಲೇರುವ ಆ ವ್ಯಕ್ತಿ ತನ್ನ ಮಾತಿಗೆ ತನ್ನ ಮೈಮೂಳೆಗಳನ್ನೇ ಪಣವಾಗಿಡುತ್ತಾನೆ ಎಂಬುದನ್ನು ಮಾತ್ರ ಗಮನಿಸೋಣ. ಬೆಳಗಿನ ಹೊತ್ತು ದೂರದರ್ಶನದ ಪರದೆಯಲ್ಲಿ ಕುಳಿತು ಹನ್ನೆರಡು ರಾಶಿಗಳ ಹಣೆಬರಹವನ್ನು ಹಂಚುವವರು ಏನನ್ನೂ ಪಣವಾಗಿಡುವುದಿಲ್ಲ. ಈ ವ್ಯತ್ಯಾಸ ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ.

ಈಚಿನ ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರಗಳ ತಾಯಂದಿರು ಇನ್ನೊಂದು ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ಮಕ್ಕಳು ಓದುವ ಕಲ್ಪನಾಕಥೆಗಳಲ್ಲಿ, ಮೊಬೈಲಿನಲ್ಲಿ ಆಡುವ ಆಟಗಳಲ್ಲಿ ಒಬ್ಬ ಮಾಂತ್ರಿಕನಿರುತ್ತಾನೆ. ಅವನಿಗೆ ಯಾವುದರ ಭಯವೂ ಇಲ್ಲ. ಅವನ ಮಂತ್ರವಿದ್ಯೆಯೆಲ್ಲ ಇತರರ ಭಾವನೆಗಳ ಮೇಲೆ: ಕೈ ಬೀಸಿದರೆ ಶತ್ರುವಿನ ಎದೆಯಲ್ಲಿ ದಿಗಿಲು ಹುಟ್ಟುತ್ತದೆ, ಕಣ್ಣಿಟ್ಟರೆ ಮಿತ್ರನ ಮನಸ್ಸಿನಲ್ಲಿ ಆವೇಶ ಉಕ್ಕುತ್ತದೆ. ಮೇಲಾಗಿ ಮುಂದಾಗುವುದೆಲ್ಲ ಅವನಿಗೆ ತಿಳಿದಿರುತ್ತದೆ. ‘ಸ್ವಾಮಿ, ಇದನ್ನು ಮಗ ಓದಬಹುದೇ? ಪಾಪವಲ್ಲವೇ?’ ಎಂದು ಅವರು ಕೇಳುತ್ತಾರೆ. ಕಥೆಯನ್ನು ಕಥೆಯೆಂದು ಬಲ್ಲ ಮಗುವಿನ ಬಗ್ಗೆ ನನಗೆ ಹೆಚ್ಚಿನ ಚಿಂತೆಯಿಲ್ಲ. ನಿಲುವಂಗಿ, ದಂಡಗಳಿಲ್ಲದೆ ಸಾಮಾನ್ಯ ಉಡುಪಿನಲ್ಲಿ ಬರುವ ಅದೇ ಮಾಂತ್ರಿಕನನ್ನು ಮಗುವಿನ ತಂದೆತಾಯಂದಿರು ಗುರುತಿಸಬಲ್ಲರೇ ಎಂಬುದೇ ನನ್ನ ಚಿಂತೆ. ಅಂಜಿಕೆಯಿಲ್ಲದವನು, ನನ್ನ ಹೃದಯವನ್ನು ಅಲುಗಾಡಿಸಬಲ್ಲವನು, ನಾಳೆಯ ಮಾತನ್ನಾಡುವವನು ಎದುರು ನಿಂತಾಗ ನಾನು ಅವನಿಗೆ ತಲೆಬಾಗಲೇಬೇಕೇ?

ಮೊದಲು ಅಂಜಿಕೆಯ ಮಾತು. ನಿರ್ಭಯತೆಯನ್ನು ನಾವೆಲ್ಲ ಸದ್ಗುಣವೆಂದೇ ಎಣಿಸುತ್ತೇವೆ. 13ನೇ ಶತಮಾನದ ಮಹಾಪಂಡಿತರಾದ ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಧೈರ್ಯವನ್ನು ಕುರಿತು ವಿವರಿಸುತ್ತ, ಅದಕ್ಕೆ ವಿರುದ್ಧವಾದ ದೋಷಗಳಲ್ಲಿ ಹೇಡಿತನದ ಜೊತೆಗೇ ನಿರ್ಭೀತಿಯನ್ನೂ ಸೇರಿಸಿದ್ದಾರೆ. ಮೊದಲ ಸಲ ಓದಿದವರಿಗೆ ಇದು ವಿಚಿತ್ರವೆನಿಸೀತು. ಅವರ ತರ್ಕ ಮಾತ್ರ ಬಹು ಸರಳ. ಪ್ರೀತಿಸುವುದನ್ನು ಕಳೆದುಕೊಂಡೇನೋ ಎಂಬ ಅಳುಕೇ ಭಯ. ಆದ್ದರಿಂದ ಒಬ್ಬನಿಗೆ ಅಂಜಬೇಕಾದ ಕಡೆಯಲ್ಲೂ ಅಂಜಿಕೆ ಇಲ್ಲವೆಂದರೆ ಅವನಲ್ಲಿ ಪ್ರೀತಿಯ ಕೊರತೆ ಇರಬೇಕು, ಇಲ್ಲವೇ ತನಗೇನೂ ಆಗದೆಂಬ ಗರ್ವವಿರಬೇಕು, ಅದೂ ಅಲ್ಲವಾದರೆ ಬುದ್ಧಿಯ ಮಾಂದ್ಯವಿರಬೇಕು. ಜ್ವರದಿಂದ ಬೇಯುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಡುರಾತ್ರಿ ಆಸ್ಪತ್ರೆಯ ಬಾಗಿಲು ತಟ್ಟುವ ತಾಯಿಗೆ ಭಯವಿದೆ. ಭಯವಿರುವುದರಿಂದಲೇ ಅವಳು ಕತ್ತಲೆಯಲ್ಲಿ ಅಷ್ಟು ದೂರ ನಡೆದು ಬಂದಳು.

ನಮ್ಮ ನಾಡಿನ ಪರಂಪರೆಯೂ ಇದನ್ನು ಬಲ್ಲದು. ನ್ಯಾಮತಿಗೆ ದೂರವಲ್ಲದ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವರೆಂದು ಪ್ರಸಿದ್ಧರಾದ ಅಲ್ಲಮಪ್ರಭುಗಳನ್ನು ಸಿದ್ಧ ಗೋರಕ್ಷನು ಎದುರಾದ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಗೋರಕ್ಷನದು ವಜ್ರಕಾಯ, ಕತ್ತಿಯಿಂದ ಹೊಡೆದರೆ ಖಣಿಲೆಂದು ಸದ್ದಾಗುವುದೇ ಹೊರತು ಕೂದಲೂ ಕೊಂಕದು. ಅವನಿಗೇಕೆ ಅಂಜಿಕೆ? ಆದರೆ ಅಲ್ಲಮನು ಆ ಸಿದ್ಧಿಗೆ ಮಾರುಹೋಗಲಿಲ್ಲ. ಅವನ ದೇಹದಲ್ಲಿ ಅದೇ ಕತ್ತಿ ಬಯಲಲ್ಲಿ ಆಡಿದಂತೆ ಆಡಿತು. ಆ ಕಥೆಯ ಆಧ್ಯಾತ್ಮಿಕ ಅರ್ಥವನ್ನು ಬಲ್ಲವರು ಬೇರೆ ವಿಧದಲ್ಲಿ ವಿವರಿಸುತ್ತಾರೆ. ಯಾರ ಏಟೂ ತಾಗದ ಮೈಗೆ ಯಾರ ನೋವೂ ತಾಗದು ಎಂದು ನನಗೆ ತೋರುತ್ತದೆ.

ಶ್ರೀಗ್ರಂಥದಲ್ಲಿ ಹೀಗೆ ಎದುರುಬದುರಾದ ಇಬ್ಬರು ಪ್ರವಾದಿಗಳಿದ್ದಾರೆ. ಕ್ರಿಸ್ತಪೂರ್ವ 594ರ ಸುಮಾರಿನ ಮಾತು. ಬಾಬಿಲೋನಿನ ಅರಸ ಜೆರುಸಲೇಮನ್ನು ಮಣಿಸಿ, ದೇವಾಲಯದ ಪಾತ್ರೆಗಳನ್ನೂ ಜನರನ್ನೂ ಒಯ್ದಿದ್ದ. ಯೆರೆಮೀಯನು ಹೆಗಲ ಮೇಲೆ ಮರದ ನೊಗ ಹೊತ್ತು ಬೀದಿಯಲ್ಲಿ ನಡೆಯುತ್ತ, ಬಾಬಿಲೋನಿನ ನೊಗಕ್ಕೆ ತಗ್ಗಿ ಜೀವ ಉಳಿಸಿಕೊಳ್ಳಿರೆಂದು ಸಾರುತ್ತಿದ್ದ. ಆಗ ಗಿಬ್ಯೋನಿನ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ, ಯಾಜಕರ ಮತ್ತು ಸಮಸ್ತ ಜನರ ಮುಂದೆ ಎದ್ದುನಿಂತ. ಎರಡೇ ವರ್ಷಗಳಲ್ಲಿ ಎಲ್ಲವೂ ಹಿಂದಿರುಗಿ ಬರುವುದೆಂದು ಘೋಷಿಸಿ, ಯೆರೆಮೀಯನ ಹೆಗಲ ನೊಗವನ್ನು ಕಿತ್ತು ಮುರಿದೇಬಿಟ್ಟ. ನೆರೆದ ಜನರ ಹೃದಯ ಎಷ್ಟು ಉಬ್ಬಿರಬೇಕು! ಸೆರೆಹೋದ ಮಗ ಬರುವನೆಂದು ಎಷ್ಟು ತಾಯಂದಿರು ಅಂದು ಕಣ್ಣೀರಿಟ್ಟಿರಬೇಕು! ನಾವು ಆ ಗುಂಪಿನಲ್ಲಿದ್ದಿದ್ದರೆ ಯಾರನ್ನು ನಂಬುತ್ತಿದ್ದೆವು? ಹನನ್ಯನಿಗೆ ಅಳುಕಿರಲಿಲ್ಲ. ಯೆರೆಮೀಯನೋ, ಕರೆಬಂದ ದಿನವೇ ‘ನಾನಿನ್ನೂ ಬಾಲಕ’ ಎಂದು ಹಿಂಜರಿದವನು, ತಾನು ಹುಟ್ಟಿದ ದಿನವನ್ನೇ ಶಪಿಸಿಕೊಂಡವನು, ಅತ್ತವನು.

ಹನನ್ಯನ ಮಾತು ಕೇಳಿದ ಕೂಡಲೇ ಯೆರೆಮೀಯನು ‘ಆಮೆನ್, ಸರ್ವೇಶ್ವರ ಹಾಗೆಯೇ ಮಾಡಲಿ’ ಎಂದ. ಇದನ್ನು ವ್ಯಂಗ್ಯವೆಂದು ಓದುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ತನ್ನ ಎದುರಾಳಿಯೇ ಗೆಲ್ಲಲಿ, ತನ್ನ ಭವಿಷ್ಯವಾಣಿಯೇ ಸುಳ್ಳಾಗಲಿ ಎಂದು ಅವನು ಮನಸಾರೆ ಬಯಸಿದ. ನೊಗ ಮುರಿದಾಗಲೂ ಜಗಳಕ್ಕಿಳಿಯದೆ ಸುಮ್ಮನೆ ಹೊರಟುಹೋದ. ಮತ್ತೆ ದೇವರ ವಾಕ್ಯ ಬಂದಮೇಲಷ್ಟೇ ತಿರುಗಿ ಬಂದು ನುಡಿದ. ಹನನ್ಯ ಆ ವರ್ಷವೇ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ಜೆರುಸಲೇಮ್ ಬೂದಿಯಾಯಿತು. ತಾನು ಹೇಳಿದ್ದೇ ಆಯಿತೆಂದು ಯೆರೆಮೀಯನು ಎಲ್ಲಿಯೂ ಸಂಭ್ರಮಿಸಿದ್ದಿಲ್ಲ. ನಿಜವಾದ ಪ್ರವಾದಿಯನ್ನು ಗುರುತಿಸಲು ನನಗೆ ದೊರೆತ ಅತ್ಯಂತ ನಂಬಲರ್ಹವಾದ ಗುರುತು ಇದು: ಕೇಡನ್ನು ನುಡಿಯುವಾಗ ಅವನು ತನ್ನ ಮಾತು ಹುಸಿಯಾಗಲೆಂದು ಹಾರೈಸುತ್ತಾನೆ. ಯೇಸುಸ್ವಾಮಿ ಜೆರುಸಲೇಮಿನ ಪತನವನ್ನು ಮುಂತಿಳಿಸಿದ್ದು ಅಳುತ್ತ. ಗೆತ್ಸೆಮನೆಯಲ್ಲಿ ಅವರು ಭಯಪಟ್ಟು ಬೆವರಿದರೆಂದು ಬರೆಯಲು ಶುಭಸಂದೇಶಕಾರರು ನಾಚಲಿಲ್ಲ.

ಇನ್ನು ಭಾವನೆಯ ವಿಷಯ. ಇಲ್ಲಿ ನಾವು ನಮ್ಮ ಮನೆಯನ್ನೇ ಗುಡಿಸಿಕೊಳ್ಳಬೇಕಾಗಿದೆ. ಭಾವನೆಗಳು ತಾವಾಗಿ ಒಳಿತೂ ಅಲ್ಲ, ಕೆಡುಕೂ ಅಲ್ಲ ಎಂಬುದೇ ಧರ್ಮಸಭೆಯ ಬೋಧನೆ. ಹೃದಯ ಕರಗದ ಭಕ್ತಿ ಒಣಭಕ್ತಿ. ಹರಿಹರದ ಆರೋಗ್ಯ ಮಾತೆಯ ಮುಂದೆ ಮೊಂಬತ್ತಿ ಹಚ್ಚಿ ಬಿಕ್ಕಿ ಬಿಕ್ಕಿ ಅಳುವ ಹೆಂಗಸಿಗೆ ‘ಅಳಬೇಡಮ್ಮಾ, ಶಾಸ್ತ್ರ ಓದು’ ಎನ್ನುವ ಪಂಡಿತ ನಾನಲ್ಲ. ಆದರೆ ಹೃದಯವನ್ನು ತಟ್ಟುವುದು ಬೇರೆ, ಅದನ್ನು ಸೆರೆಹಿಡಿಯುವುದು ಬೇರೆ.

ಪ್ರವಾದಿ ನಾತಾನನು ಅರಸ ದಾವೀದನ ಬಳಿಗೆ ಹೋದದ್ದನ್ನು ನೆನೆಯಿರಿ. ಬಡವನೊಬ್ಬ ಮಗಳಂತೆ ಸಾಕಿದ್ದ ಒಂದೇ ಒಂದು ಕುರಿಮರಿಯನ್ನು ಸಿರಿವಂತ ಕಿತ್ತುಕೊಂಡ ಕಥೆಯನ್ನು ಅವನು ಹೇಳಿದ. ಅರಸ ಕೆರಳಿದ. ಅಲ್ಲಿಗೆ ಭಾವನೆಯ ಕೆಲಸವಾಯಿತು. ಮರುಕ್ಷಣವೇ ನಾತಾನನು ಆ ಕೋಪವನ್ನು ಅರಸನ ಕಡೆಗೇ ತಿರುಗಿಸಿ ‘ಆ ಮನುಷ್ಯ ನೀನೇ’ ಎಂದ. ಕೇಳಿದ ದಾವೀದನಿಗೆ ತನ್ನ ಪಾಪ ಕಂಡಿತು, ತನ್ನ ಬಾಯಿಂದಲೇ ಅದನ್ನು ಒಪ್ಪಿಕೊಂಡ. ಮುಂದಿನ ಕೇಡಿನ ಮಾತನ್ನು ನಾತಾನನು ಹೇಳಿದನು ನಿಜ. ಆದರೆ ಅರಸನನ್ನು ತನ್ನ ಅಧೀನನನ್ನಾಗಿ ಮಾಡಿಕೊಳ್ಳಲಿಲ್ಲ, ಹೇಳುವುದನ್ನು ಹೇಳಿ ಮನೆಗೆ ಹೋದ.

ಕೆಲವು ಕಡೆ ನಡೆಯುವ ಪ್ರಾರ್ಥನಾಕೂಟಗಳಲ್ಲಿ ಆಗುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಂಗೀತ ಏರುತ್ತ ಹೋಗುತ್ತದೆ, ಧ್ವನಿವರ್ಧಕ ಅಬ್ಬರಿಸುತ್ತದೆ. ಉಪದೇಶಕನು ಕಣ್ಣುಮುಚ್ಚಿ, ಇಲ್ಲಿ ಮೂರು ವರ್ಷದಿಂದ ಮಕ್ಕಳಿಲ್ಲದ ಒಬ್ಬ ಸಹೋದರಿ ಇದ್ದಾಳೆ, ಅವಳ ಮನೆತನದ ಮೇಲೆ ಪೂರ್ವಜರ ಶಾಪವಿದೆ ಎನ್ನುತ್ತಾನೆ. ಸಾವಿರ ಜನರ ಗುಂಪಿನಲ್ಲಿ ಅಂಥವಳು ಒಬ್ಬಳಲ್ಲ, ಹತ್ತು ಮಂದಿ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬಳು ಮನೆಗೆ ಮರಳಿದ ಮೇಲೆ ಅತ್ತೆಯ ಬಾಯಲ್ಲಿ ಆ ಶಾಪ ಸೊಸೆಯ ತವರಿನದಾಗುತ್ತದೆ. ಮತ್ತೊಂದು ಕಡೆ ಮೂರ್ಛೆರೋಗದ ಹುಡುಗನಿಗೆ ‘ವಾಸಿಯಾಗಿದೆ’ ಎಂಬ ವಾಣಿ ಸಿಕ್ಕಿತೆಂದು ಮಾತ್ರೆ ನಿಲ್ಲಿಸುತ್ತಾರೆ. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಮೂರ್ಛೆ ಮೊದಲಿಗಿಂತ ಉಗ್ರವಾಗಿ ಮರುಕಳಿಸಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಆ ರಾತ್ರಿ ಆಸ್ಪತ್ರೆಗೆ ಓಡುವವರು ತಂದೆತಾಯಿಗಳು. ವಾಣಿ ನುಡಿದವನು ಅಷ್ಟರಲ್ಲಿ ಬೇರೊಂದು ಊರಿನ ವೇದಿಕೆಯ ಮೇಲಿರುತ್ತಾನೆ. ಬಿಲ್ಲಿನಿಂದ ಬೀಳುವವನು ತಾನೇ ಬೀಳುತ್ತಾನೆ. ಇವನು ಇತರರನ್ನು ಬೀಳಿಸಿ ಮುಂದಕ್ಕೆ ಹೋಗುತ್ತಾನೆ.

ಸ್ವಸ್ಥತೆಯ ಪ್ರಾರ್ಥನೆಗಳನ್ನು ಕುರಿತು ರೋಮಿನ ವಿಶ್ವಾಸ ಬೋಧನಾ ಪೀಠವು 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಒಂದು ಸೂಚನಾಪತ್ರ ಹೊರಡಿಸಿತು. ಅಂಥ ಕೂಟಗಳಲ್ಲಿ, ವಿಶೇಷವಾಗಿ ಅವುಗಳನ್ನು ನಡೆಸುವವರ ಕಡೆಯಿಂದ, ಉನ್ಮಾದಕ್ಕಾಗಲಿ ಕೃತ್ರಿಮತೆಗಾಗಲಿ ನಾಟಕೀಯತೆಗಾಗಲಿ ಎಡೆಯಿರಕೂಡದೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ದೇವರು ಗುಣಪಡಿಸಲಾರನೆಂದು ಇದರ ಅರ್ಥವಲ್ಲ. ಪವಿತ್ರಾತ್ಮನಿಗೆ ಧ್ವನಿವರ್ಧಕದ ಅವಶ್ಯಕತೆ ಇಲ್ಲವೆಂದಷ್ಟೇ. ಲೊಯೋಲದ ಸಂತ ಇಗ್ನೇಷಿಯಸ್ ಅವರು ಇದಕ್ಕೊಂದು ಚೆಲುವಾದ ಹೋಲಿಕೆ ಕೊಟ್ಟಿದ್ದಾರೆ: ಒಳಿತಿನ ಹಾದಿಯಲ್ಲಿರುವವನ ಆತ್ಮದೊಳಗೆ ಒಳ್ಳೆಯ ಪ್ರೇರಣೆ ಸ್ಪಂಜಿನೊಳಗೆ ನೀರ ಹನಿ ಇಳಿದಂತೆ ಇಳಿಯುತ್ತದೆ, ಕೆಟ್ಟದ್ದು ಕಲ್ಲಿನ ಮೇಲೆ ಬಿದ್ದ ಹನಿಯಂತೆ ಸದ್ದು ಮಾಡುತ್ತದೆ. ಯಾವುದೇ ಕೂಟದಿಂದ ಬಂದು ಮೂರು ದಿನ ಕಳೆದ ಮೇಲೆ ಮನೆಯಲ್ಲಿ ಏನು ಉಳಿದಿದೆಯೆಂದು ನೋಡಿಕೊಳ್ಳಿ: ಶಾಂತಿಯೋ, ಸಂಶಯವೋ?

‘ಆದರೂ ಸ್ವಾಮಿ, ಅವನು ಹೇಳಿದ್ದು ಸರಿಯಾಗಿಯೇ ಆಯಿತಲ್ಲ?’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಆಗಿರಬಹುದು. ಫಿಲಿಪ್ಪಿ ಪಟ್ಟಣದಲ್ಲಿ ಕಣಿಹೇಳುವ ಒಬ್ಬ ದಾಸಿ ಹುಡುಗಿ ಸಂತ ಪೌಲರನ್ನೂ ಸೀಲರನ್ನೂ ಹಿಂಬಾಲಿಸಿ, ಇವರು ಪರಾತ್ಪರ ದೇವರ ದಾಸರೆಂದು ದಿನವೂ ಕೂಗುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅಕ್ಷರಶಃ ಸತ್ಯ! ಆದರೂ ಪೌಲರು ಆ ವಾಣಿಯನ್ನು ಅಡಗಿಸಿದರು. ಅವಳ ಯಜಮಾನರು ಅದರಿಂದ ಹಣ ಮಾಡಿಕೊಳ್ಳುತ್ತಿದ್ದರು. ವರಮಾನ ನಿಂತೊಡನೆ ಪೌಲ, ಸೀಲರನ್ನು ಹಿಡಿದು ನ್ಯಾಯಾಧಿಪತಿಗಳ ಮುಂದೆ ಎಳೆದೊಯ್ದರು. ಆ ಹುಡುಗಿ ಏನಾದಳೆಂದು ಶ್ರೀಗ್ರಂಥ ಹೇಳುವುದಿಲ್ಲ. ಅವಳು ಬಿಡುಗಡೆ ಹೊಂದಿದಳೆಂಬುದನ್ನು ಊರು ಗಮನಿಸಿದಂತೆಯೇ ಕಾಣುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಯೋನನ ಪ್ರಸಂಗ. ‘ಇನ್ನು ನಲವತ್ತು ದಿನಗಳಲ್ಲಿ ನಿನೆವೆ ನಾಶವಾಗುವುದು’ ಎಂದು ಅವನು ಸಾರಿದ. ನಲವತ್ತೊಂದನೆಯ ದಿನವೂ ನಿನೆವೆ ನಿಂತೇ ಇತ್ತು. ಮಾತು ನಡೆಯಿತೇ ಇಲ್ಲವೇ ಎಂಬ ಒಂದೇ ಅಳತೆಯಿಂದ ನೋಡಿದರೆ ಯೋನ ಸುಳ್ಳು ಪ್ರವಾದಿ. ಅರಸನಿಂದ ಹಿಡಿದು ದನಕರುಗಳವರೆಗೆ ಗೋಣಿತಟ್ಟು ಹೊದ್ದು ತಮ್ಮ ಹಾದಿಯನ್ನು ತಿದ್ದಿಕೊಂಡುದರಿಂದಲೇ ಆ ನಗರ ಉಳಿಯಿತು. ಹುಸಿಯಾಗುವುದೇ ಆ ವಾಣಿಯ ಗೆಲುವು. ಪಾಪ, ಯೋನನಿಗೆ ಮಾತ್ರ ಇದು ಸಹಿಸಲಿಲ್ಲ. ತನ್ನ ಮರ್ಯಾದೆ ಹೋಯಿತೆಂದು ಊರ ಹೊರಗೆ ಕುಳಿತು ಮುನಿಸಿಕೊಂಡ. ಒಂದು ಲಕ್ಷದ ಇಪ್ಪತ್ತು ಸಾವಿರ ಜನರು ಬದುಕುಳಿದದ್ದಕ್ಕಿಂತ ತನಗೆ ನೆರಳಾಗಿದ್ದ ಒಂದು ಗಿಡ ಒಣಗಿದ್ದು ಅವನಿಗೆ ಹೆಚ್ಚಾಯಿತು. ನಮ್ಮ ನಡುವೆಯೂ ಇಂಥವರಿಲ್ಲವೇ? ‘ನಾನು ಅಂದೇ ಹೇಳಿರಲಿಲ್ಲವೇ’ ಎನ್ನುವ ಸುಖಕ್ಕಾಗಿ ಮನೆಮಂದಿಯ ಸೋಲನ್ನೇ ಕಾಯುವ ಹಿರಿಯರಿಲ್ಲವೇ?

ಸಂತ ಥಾಮಸರು ಈ ತೊಡಕನ್ನು ಬಿಡಿಸಿದ ಬಗೆ ಗಮನಾರ್ಹ. ಎಚ್ಚರಿಕೆಯ ಪ್ರವಾದನೆಯು ಕಾರಣಗಳನ್ನು ತೋರಿಸುತ್ತದೆ, ಕಟ್ಟಕಡೆಯ ಪರಿಣಾಮವನ್ನಲ್ಲ. ಈಗಿರುವ ಕಾರಣಗಳು ಹೀಗೆಯೇ ಮುಂದುವರಿದರೆ ಅವು ಇಲ್ಲಿಗೆ ಒಯ್ಯುತ್ತವೆ ಎಂಬುದೇ ಅದರ ತಾತ್ಪರ್ಯ. ಕಾರಣ ಬದಲಾದರೆ ಫಲವೂ ಬದಲಾಗುತ್ತದೆ. ಫಾತಿಮಾ ಮಾತೆಯ ಮೂರನೆಯ ರಹಸ್ಯವೆಂದು ದಶಕಗಳ ಕಾಲ ಜನರು ಪಿಸುಗುಟ್ಟುತ್ತಿದ್ದ ಬರಹವನ್ನು 2000ನೇ ಇಸವಿಯ ಜೂನ್ 26ರಂದು ರೋಮ್ ಪ್ರಕಟಿಸಿದಾಗ, ಮುಂದೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಜಿಂಗರ್ ಅವರು ಅದರ ವ್ಯಾಖ್ಯಾನದಲ್ಲಿ ಇದೇ ದಿಕ್ಕಿನಲ್ಲಿ ಬರೆದರು: ಆ ದರ್ಶನವು ಬದಲಾಯಿಸಲಾಗದ ಭವಿಷ್ಯವನ್ನು ಮೊದಲೇ ತೋರಿಸುವ ಚಲನಚಿತ್ರವಲ್ಲ, ಮನುಷ್ಯನ ಸ್ವಾತಂತ್ರ್ಯವನ್ನು ಒಳಿತಿನ ಕಡೆಗೆ ಎಚ್ಚರಗೊಳಿಸುವುದೇ ಅದರ ಗುರಿ. ರಹಸ್ಯದಲ್ಲಿ ಲೋಕಾಂತ್ಯದ ತಾರೀಖನ್ನು ನಿರೀಕ್ಷಿಸಿದ್ದ ಅನೇಕರಿಗೆ ಆಗ ನಿರಾಸೆಯಾಯಿತು.

ಈ ಮಾತನ್ನು ನಮ್ಮ ಹೊಲಕ್ಕೇ ತಂದು ನೋಡಬಹುದು. ಜಗಳೂರಿನಂಥ ಬರಡು ಸೀಮೆಯಲ್ಲಿ ಕೊಳವೆಬಾವಿ ಕೊರೆಸುವ ಮುನ್ನ ನೀರು ತೋರಿಸುವವರನ್ನು ಕರೆಯುವುದು ರೂಢಿ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅವರು ಹೊಲದಲ್ಲಿ ನಡೆಯುತ್ತಾರೆ. ಕಾಯಿ ನೆಟ್ಟಗೆ ನಿಂತಲ್ಲಿ ಗುರುತು ಹಾಕುತ್ತಾರೆ. ಕಲ್ಲಿನ ಬಿರುಕುಗಳಲ್ಲಷ್ಟೇ ನೀರು ನಿಲ್ಲುವ ನೆಲವಿದು. ಒಮ್ಮೆ ಸಿಗುತ್ತದೆ, ಇನ್ನೊಮ್ಮೆ ದೂಳು ಹಾರುತ್ತದೆ. ಸಿಕ್ಕರೂ ಸಿಗದಿದ್ದರೂ ಅವರ ಕಾಣಿಕೆ ಅವರಿಗೆ ಸಂದಿರುತ್ತದೆ, ಸಾಲ ರೈತನದು. ಅದೇ ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆ ಯಾವ ಕಾಯಿಯೂ ನಿಂತು ಬಂದದ್ದಲ್ಲ. ಹೀಗೇ ಬಿಟ್ಟರೆ ಊರು ಬತ್ತಿ ಗುಳೆ ಹೋಗಬೇಕಾದೀತೆಂದು ಎಚ್ಚರಿಸಿದವರೂ, ಆ ಎಚ್ಚರಿಕೆ ನಿಜವಾಗದಿರಲೆಂದು ವರ್ಷಗಟ್ಟಲೆ ಓಡಾಡಿದವರೂ ಸೇರಿ ತಂದದ್ದು. ಹಿಂದೆ ಹೊನ್ನಾಳಿಗೆ ಸೇರಿದ್ದು ಈಗ ತಾಲ್ಲೂಕು ಕೇಂದ್ರವಾಗಿರುವ ನ್ಯಾಮತಿಯ ಸೂರಗೊಂಡನಕೊಪ್ಪದಲ್ಲಿ 1739ರಲ್ಲಿ ಜನಿಸಿದರೆಂದು ಬಂಜಾರ ಸಮುದಾಯ ನೆನೆಯುವ ಸಂತ ಸೇವಾಲಾಲರು, ಮುಂದೊಂದು ಕಾಲಕ್ಕೆ ನೀರನ್ನು ದುಡ್ಡು ಕೊಟ್ಟು ಕೊಳ್ಳಬೇಕಾದೀತೆಂದು ಹೇಳಿದ್ದರೆಂಬ ಮಾತು ತಾಂಡಾಗಳಲ್ಲಿ ಪ್ರಚಲಿತವಾಗಿದೆ. ಇಂದು ನೀರಿನ ಬಾಟಲಿ ಕೊಳ್ಳುವಾಗ ‘ಎಂಥ ನಿಖರ ಭವಿಷ್ಯ!’ ಎಂದು ಬೆರಗಾಗಬಹುದು. ಕೆರೆಯ ಹೂಳನ್ನು ತೆಗೆಯಲೂ ಹೋಗಬಹುದು.

ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥವು ಜಾತಕ, ಹಸ್ತರೇಖೆ, ಶಕುನ, ಪ್ರೇತಾವಾಹನೆಗಳೆಲ್ಲವನ್ನೂ ನಿರಾಕರಿಸುತ್ತದೆಂಬುದು ಬಹುಪಾಲು ಎಲ್ಲರಿಗೂ ಗೊತ್ತು. ಅದಕ್ಕೆ ಕೊಟ್ಟ ಕಾರಣವನ್ನು ಓದಿದವರು ಕಡಿಮೆ. ಕಾಲದ ಮೇಲೆ, ಇತಿಹಾಸದ ಮೇಲೆ, ಕೊನೆಗೆ ಇತರ ಮನುಷ್ಯರ ಮೇಲೆ ಅಧಿಕಾರ ಹೊಂದುವ ಆಸೆ ಅವುಗಳೊಳಗೆ ಅಡಗಿದೆ ಎಂದು ಅಲ್ಲಿ ಬರೆದಿದೆ. ಮಕ್ಕಳ ಕಥೆಯ ಮಾಂತ್ರಿಕನಿಗೂ ಬೇಕಾಗಿರುವುದು ಇದೇ ಅಲ್ಲವೇ? ಹೊಸ ವರ್ಷದ ಭವಿಷ್ಯಕ್ಕಾಗಿ ಪತ್ರಿಕೆ ಬಿಡಿಸುವ ನಮಗೂ ಒಳಗೊಳಗೆ ಅದೇ ಬೇಕಾಗಿರುತ್ತದೆ: ಅಂಜಿಕೆಯಿಲ್ಲದ ನಾಳೆ. ದೇವರು ಅದನ್ನು ತನ್ನ ಪ್ರವಾದಿಗಳಿಗೂ ಕೊಡಲಿಲ್ಲ.

ಯೆರೆಮೀಯನ ಬದುಕಿಗೆ ಸೇರಿದ ಇನ್ನೊಂದು ಘಟನೆಯಿದೆ. ಬಾಬಿಲೋನಿನ ಸೈನ್ಯ ಜೆರುಸಲೇಮಿನ ಗೋಡೆಗೆ ಮಣ್ಣಿನ ದಿಬ್ಬ ಕಟ್ಟಿತ್ತು. ಅವನನ್ನು ಅರಮನೆಯ ಕಾವಲುಗಾರರ ಅಂಗಳದಲ್ಲಿ ಕೂಡಿಹಾಕಿದ್ದರು. ನಗರ ಬೀಳುವುದೆಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳೆಂದು ಕೇಳಿದ. ಶತ್ರುಸೈನ್ಯ ತುಳಿಯುತ್ತಿದ್ದ ನೆಲ ಅದು. ಯೆರೆಮೀಯ ಕೊಂಡ. ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿಕೊಟ್ಟ, ಕ್ರಯಪತ್ರಕ್ಕೆ ಸಾಕ್ಷಿಗಳ ರುಜು ಹಾಕಿಸಿ ಮುದ್ರೆಯೊತ್ತಿದ. ಅನಂತರ ಹೆದರಿಕೆಯಿಂದಲೋ ಏನೋ, ದೇವರಿಗೆ ದೀರ್ಘವಾಗಿ ಪ್ರಾರ್ಥಿಸಿದ. ನಗರ ಕೈಬಿಟ್ಟುಹೋಗುತ್ತಿರುವಾಗ ಈ ಹೊಲ ಕೊಳ್ಳೆಂದು ನನಗೇಕೆ ಹೇಳಿದೆ ಎಂದು ಕೇಳಿದ. ಆ ಪತ್ರಗಳನ್ನು ಬಹುಕಾಲ ಕೆಡದೆ ಉಳಿಯುವಂತೆ ಒಂದು ಮಣ್ಣಿನ ಮಡಕೆಯಲ್ಲಿಡಲು ತನ್ನ ಲಿಪಿಕಾರ ಬಾರೂಕನ ಕೈಗೆ ಕೊಟ್ಟಿದ್ದ.